ಪಂಚಮಿಗೆ ಕರೆಯಲು ಬಂದವರು

ರಾಣೆಬೆನ್ನೂರಿನಲ್ಲಿ ನಮ್ಮ ನೆರೆಯವರಾಗಿದ್ದ ಸಮಾಜಕಾರ್ಯಕರ್ತರೊಬ್ಬರು ಅನಾಥ ಮಕ್ಕಳ ಬಾಲಮಂದಿರದಲ್ಲಿ ಕೆಲಸ ಮಾಡುತ್ತಿದ್ದರು; ಅಲ್ಲಿನ ಮಕ್ಕಳು ಬೆಳೆದು ಹೊರಬಂದ ಮೇಲೂ ಅವರನ್ನು ಮರೆಯುತ್ತಿರಲಿಲ್ಲ. ಯಾರೇ ಕಷ್ಟ ಹೇಳಿಕೊಂಡರೂ ಕನ್ನಡಕವನ್ನು ಹಣೆಗೇರಿಸಿ, "ಇರ್ಲಿ, ನಾ ಅದೀನಲ್ಲ" ಎನ್ನುವರು.

ಅಲ್ಲಿ ಬೆಳೆದ ಹುಡುಗಿಯೊಬ್ಬಳು ಮೋಟೆಬೆನ್ನೂರಿಗೆ ಸೊಸೆಯಾಗಿ ಹೋದಳು. ಮದುವೆಯಾದ ಮೇಲಿನ ಮೊದಲ ನಾಗರಪಂಚಮಿ ಹತ್ತಿರ ಬಂದಾಗ ಓಣಿಯ ಸೊಸೆಯರನ್ನೆಲ್ಲ ತವರಿನವರು ಬಂದು ಕರೆದೊಯ್ದರು. "ನಿನ್ನ ಕರಿಯಾಕ ಯಾರ ಬರ್ತಾರವ್ವಾ?" ಎಂದು ಅತ್ತೆ ಚುಚ್ಚಿದರಂತೆ. ಹುಡುಗಿ ಸಮಾಜಕಾರ್ಯಕರ್ತರಿಗೆ ಫೋನ್ ಮಾಡಿ ಅತ್ತಳು.

ಮರುದಿನವೇ ಅವರು ಶೇಂಗಾ ಉಂಡಿಯ ಡಬ್ಬಿ ಹಿಡಿದು, ನನ್ನನ್ನೂ ಕರೆದುಕೊಂಡು, ಆಟೋದಲ್ಲಿ ಆ ಮನೆಗೆ ಹೋದರು.

"ಏನ್ರಿ ಸರ, ತಪಾಸಣಿಗೆ ಬಂದ್ರೇನು?" ಎಂದರು ಅತ್ತೆ.

"ಅಲ್ರಿ ಬೀಗತ್ಯಾರ. ಮಗಳನ್ನ ಹಬ್ಬಕ್ಕ ಕರಿಯಾಕ ಬಂದೇನಿ."

ಅತ್ತೆ ಉಂಡಿಯನ್ನು ಮುರಿದು ಬಾಯಿಗಿಟ್ಟರು. "ಬೆಲ್ಲ ಕಡಿಮಿ ಆಗೇತಿ."

"ನಾನ ಕಟ್ಟೇನ್ರಿ, ಸುಮ್ನ ತಿನ್ರಿ."

ಅತ್ತೆ ನಕ್ಕುಬಿಟ್ಟರು. "ಲಗೂ ಕಳಸ್ರಿ ಮತ್ತ, ಆಕಿ ಇಲ್ದ ನನಗ ಹೊತ್ತು ಹೋಗೂದಿಲ್ಲ."

ಹುಡುಗಿ ಆಗಲೇ ಆಟೋದಲ್ಲಿ ಕುಳಿತಿದ್ದಳು.