ಗಡಿಯಾಚೆಯ ಕೊಪ್ಪರಿಗೆ

ಫೆರ್ನಾಂದ್ ಬೊಲ್ಡುಕ್ ಎಂಬಾಕೆಗೆ ಎಪ್ಪತ್ತೆರಡು ವರ್ಷ. ಆಕೆಯ ಮನೆ ಕೆನಡಾದ ಕ್ವಿಬೆಕ್‌ನಲ್ಲಿ; ತಮ್ಮ ಅಲ್ಸೀದನ ಪಾಕದ ಮನೆ ಅಮೆರಿಕದ ವರ್ಮಾಂಟ್‌ನಲ್ಲಿ. ನಡುವಿನ ದೂರ ನಲವತ್ತು ಹೆಜ್ಜೆ. ಹಿಂದೆ ಯಾವನೋ ಸರ್ವೆಯವನು ಅವರ ಹಿರಿಯರ ಕಾಡಿನ ನಡುವೆ ಗೆರೆ ಎಳೆದು ಹೋಗಿದ್ದ. ಐವತ್ತು ವರ್ಷಗಳಿಂದ ಪ್ರತಿ ಮಾರ್ಚ್ ತಿಂಗಳಲ್ಲಿ ಫೆರ್ನಾಂದ್ ಗಡಿಯ ಠಾಣೆಯಲ್ಲಿ ಮುಖ ತೋರಿಸಿ ಆಚೆ ಹೋಗಿ, ಮೇಪಲ್ ಮರದ ರಸ ಕುದಿಸಿ ಪಾಕ ಮಾಡುತ್ತಿದ್ದಳು. ಸೌಟಿನ ಅಂಚಿನಿಂದ ಪಾಕ ಹನಿಯಾಗಿ ಬೀಳದೆ ಸೆರಗಿನಂತೆ ಹರಡಿ ಇಳಿದರೆ ಹದ ಬಂತೆಂದು ಲೆಕ್ಕ. ಆ ಸೌಟನ್ನು ಆಕೆ ಯಾರ ಕೈಗೂ ಕೊಟ್ಟವಳಲ್ಲ. ಅಲ್ಸೀದನ ಕೆಲಸವೇನಿದ್ದರೂ ಹೊರಗೆ ಸೌದೆ ಒಡೆಯುವುದು.

ಕೊರೊನಾ ಬಂದ ವರ್ಷ ಗಡಿ ಮುಚ್ಚಿದ ವಾರವೇ ಮರಗಳಲ್ಲಿ ರಸ ಇಳಿಯತೊಡಗಿತು. ಫೆರ್ನಾಂದ್ ಗಡಿಕಲ್ಲಿನ ಈಚೆ ಹಿಮದಲ್ಲಿ ಕುರ್ಚಿ ಊರಿ ಕುಳಿತಳು.

“ಅಕ್ಕಾ, ಮನೇಲಿ ಬೆಚ್ಚಗಿರು ಹೋಗು,” ಎಂದು ಅಲ್ಸೀದ್ ಬಾಗಿಲಿನಿಂದ ಕೂಗಿದ. “ಹದ ತೋರ್ಸೋ ಗಾಜಿನ ಕಡ್ಡಿ ತರಿಸಿದೀನಿ. ಕೆಂಪು ಗೆರೆವರೆಗೂ ತೇಲಿದ್ರೆ ಪಾಕ ಆಯ್ತು ಅಂತ. ಅಷ್ಟೇ ವಿದ್ಯೆ.”

“ಅಷ್ಟು ವಿದ್ಯೆಗೆ ನಾನು ಐವತ್ತು ವರ್ಷ ತಗೊಂಡ್ನಾ?”

“ಅದನ್ನ ನೀನೇ ಹೇಳ್ಬೇಕು.”

ಫೆರ್ನಾಂದ್ ಲೆಕ್ಕ ಹಾಕಿದಳು: ಕಡ್ಡಿ ಗೆದ್ದರೆ, ಗಡಿ ತೆರೆದ ಮೇಲೂ ಅಲ್ಲಿ ತನಗೆ ಕೆಲಸವಿಲ್ಲ. ತಮ್ಮನ ಪಾಕ ಕೆಡಲೆಂಬ ಕೆಟ್ಟ ಯೋಚನೆ ಬಾರದಿರಲೆಂದು ಮೂರು ಸಲ ಶಿಲುಬೆಯ ಗುರುತು ಮಾಡಿಕೊಂಡಳು. ನಾಲ್ಕನೆಯ ಸಲಕ್ಕೆ ಕೈ ಏಳಲಿಲ್ಲ.

ಅಷ್ಟರಲ್ಲಿ ಕೆನಡಾದ ಗಸ್ತಿನ ಪೊಲೀಸ್ ಗೋಸ್ಲೆನ್ ಬಂದ.

“ಏನಮ್ಮಾ, ಇಲ್ಲೇನ್ ಮಾಡ್ತಿದೀರಿ?”

“ಪಾಕ ಮಾಡ್ತಿದೀನಿ.”

“ಕೊಪ್ಪರಿಗೆ ಎಲ್ಲಿ?”

“ಅಮೆರಿಕದಲ್ಲಿದೆ.”

ಗೋಸ್ಲೆನ್ ಪುಸ್ತಕ ತೆಗೆದು, ಏನು ಬರೆಯುವುದೆಂದು ತೋಚದೆ ಮತ್ತೆ ಜೇಬಿಗಿಳಿಸಿದ.

ಆಗ ಆಚೆಯಿಂದ ಚರ್ರೆನ್ನುವ ಸದ್ದು ಬಂತು. ಹಿಂದೆಯೇ ಸೀದ ಸಕ್ಕರೆಯ ವಾಸನೆ. ಅಲ್ಸೀದ್ ಕಡ್ಡಿಯ ಗೆರೆಯನ್ನೇ ದಿಟ್ಟಿಸುತ್ತಿದ್ದಾಗ ನೊರೆ ಉಕ್ಕಿ ಒಲೆಯ ಮೇಲೆ ಹರಿಯತೊಡಗಿತ್ತು. ಇನ್ನೆರಡು ನಿಮಿಷ ಬಿಟ್ಟರೆ ರಸವೂ ಇಲ್ಲ, ಕೊಪ್ಪರಿಗೆಯೂ ಇಲ್ಲ. ಫೆರ್ನಾಂದ್ ಎದ್ದು ನುಗ್ಗಿದಳು.

“ಅಮ್ಮಾ, ಕಾಲು,” ಎಂದ ಗೋಸ್ಲೆನ್.

ಅಮೆರಿಕಕ್ಕೆ ಹೋಗಿದ್ದ ಬಲಗಾಲನ್ನು ಹಿಂದಕ್ಕೆಳೆದುಕೊಂಡು ಆಕೆ ಕೂಗಿದಳು: “ಬೆಣ್ಣೆ ಹಾಕೋ, ಬೆಣ್ಣೆ!”

“ಇದೇನೇ ರೊಟ್ಟಿ ತಿನ್ನೋ ಹೊತ್ತಾ?”

ಒಲೆಯ ಪಕ್ಕದಲ್ಲಿ ಸದಾ ಇರುತ್ತಿದ್ದ ಬೆಣ್ಣೆಯ ಬಟ್ಟಲು ಅಕ್ಕನ ರೊಟ್ಟಿಗೆಂದೇ ಆತ ಐವತ್ತು ವರ್ಷ ತಿಳಿದಿದ್ದ. ಮಾತಾಡುತ್ತಲೇ ಆಕೆ ನೊರೆಗೆ ಚೂರು ಚೂರು ಎಸೆಯುತ್ತಿದ್ದುದನ್ನು ಸೌದೆ ಒಡೆಯುವವನು ನೋಡಿರಲಿಲ್ಲ.

“ರೊಟ್ಟಿಗಲ್ವೋ ದಡ್ಡ, ನೊರೆಗೆ. ಬಟಾಣಿಯಷ್ಟು ಸಾಕು.”

ಗಾಬರಿಯಲ್ಲಿ ಆತ ಮುಷ್ಟಿಯಷ್ಟು ಎಸೆದ. ನೊರೆ ತಣ್ಣಗೆ ಕುಳಿತಿತು. ಆ ಸಲದ ಪಾಕಕ್ಕೆ ಜಿಡ್ಡು ವಾಸನೆ ಬಂತು. ಕೊಪ್ಪರಿಗೆ ಮಾತ್ರ ಉಳಿಯಿತು.

ಮರುದಿನ ಬೆಳಿಗ್ಗೆ ಫೆರ್ನಾಂದ್ ಬಂದು ನೋಡುತ್ತಾಳೆ, ಅಲ್ಸೀದ್ ಪಾಕದ ಮನೆಯ ಉತ್ತರದ ಗೋಡೆಯ ಹಲಗೆಗಳನ್ನು ಒಂದೊಂದಾಗಿ ಕೀಳುತ್ತಿದ್ದಾನೆ. ಒಲೆ, ಕೊಪ್ಪರಿಗೆ, ಬಟ್ಟಲು ಎಲ್ಲವೂ ಆಕೆಯ ಕುರ್ಚಿಗೆ ನೇರವಾಗಿ ಕಾಣುತ್ತಿದ್ದವು.

“ಚಳಿ ಒಳಗೆ ನುಗ್ಗಲ್ವೇನೋ?”

“ನೀನು ಬೈತಾ ಇರು, ಸೆಕೆ ಆಗುತ್ತೆ.”

ಫೆರ್ನಾಂದ್ ಕುಳಿತು, ಕಂಬಳಿ ಹೊದ್ದು, ಗಂಟಲು ಸರಿಮಾಡಿಕೊಂಡಳು.

“ಸೌಟು ಎತ್ತು. ಇನ್ನೂ ಮೇಲೆ. ಬಿಸಿಲಿಗೆ ಹಿಡಿಯೋ.”