ಓದದೆ ಬಿಟ್ಟ ಸಾಲು

ನಾಸಿಕದ ಸ್ಕ್ಯಾನ್ ಕೇಂದ್ರದ ಬಾಗಿಲಲ್ಲೇ ಅವ್ವ ನಿಂತುಬಿಟ್ಟಳು. ಕೆಮ್ಮು ಬಿಡದಿದ್ದರೂ, ವೈದ್ಯರು ಎರಡು ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದ ಎದೆಯ ಸಿ.ಟಿ. ಸ್ಕ್ಯಾನ್‌ಗೆ ಅವಳು ಒಪ್ಪಿರಲಿಲ್ಲ. ತಿಳಿಹೇಳಿ ಹೇಳಿ ನಾನು ದಣಿದಿದ್ದೆ.

“ಕಿರಣ ತಾಗಿದ್ರ ಕ್ಯಾನ್ಸರ್ ಬರ್ತದಂತ ನೀನೇ ಪೇಪರ್ ಓದಿ ಹೇಳಿದ್ದಿಲ್ಲೇನು?” ಎಂದು ನನ್ನನ್ನೇ ಗದರಿದಳು.

ನಮ್ಮ ಕನ್ನಡ ಕೇಳಿ ಕಲಬುರಗಿ ಕಡೆಯ ತಂತ್ರಜ್ಞೆಯೊಬ್ಬರು ಹೊರಬಂದರು.

“ದಿನಾ ಇದರಾಗೇ ಇರ್ತಿ, ನಿನಗ ಅಂಜಿಕಿ ಇಲ್ಲೇನವಾ?” ಎಂದು ಅವ್ವ ಅವರನ್ನು ಕೇಳಿದಳು.

ಅವರು ತಮ್ಮ ಅಂಗಿಗೆ ಸಿಕ್ಕಿಸಿದ್ದ ಬ್ಯಾಡ್ಜ್ ತೋರಿಸಿದರು. “ನನಗ ಎಷ್ಟು ಕಿರಣ ತಾಗ್ಯಾವ ಅಂತ ಇದು ಹೇಳ್ತದ, ಆಯಿ. ಇಂಥ ಸ್ಕ್ಯಾನಿನ ಸಣ್ಣ ಪ್ರಮಾಣದ ಕಿರಣದಿಂದ ಏನಾಗ್ತದ ಅಂತ ದೊಡ್ಡ ದೊಡ್ಡವರೇ ಇನ್ನೂ ವಾದ ಮಾಡ್ಲತ್ತಾರ. ನಿಮ್ಮ ಕೆಮ್ಮು ಅಲ್ಲಿತನಕ ಕಾಯ್ತದೇನ್ರಿ?”

ಅವ್ವ ಸಣ್ಣಗೆ ನಕ್ಕಳು. ಎಂದೂ ಮೈಯಿಂದ ದೂರ ಮಾಡದ ಇಷ್ಟಲಿಂಗದ ಕರಡಿಗೆಯನ್ನು ಕೊರಳಿಂದ ತೆಗೆದು ನನ್ನ ಅಂಗೈಯಲ್ಲಿಟ್ಟು ಒಳಗೆ ಹೋದಳು.

‘ಈ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ’ ಎಂಬ ಸಾಲು ನಾನು ಅವ್ವನಿಗೆ ಓದಿ ಹೇಳಿದ್ದ ಪೇಪರಿನ ಲೇಖನದಲ್ಲಿಯೂ ಇತ್ತು. ಅವ್ವ ಅರ್ಥ ಕೇಳಿದರೆ ಗೊತ್ತಿಲ್ಲವೆನ್ನಬೇಕಾದೀತೆಂದು ಅಂಜಿ, ಮನೆಯ ಮೊದಲ ಪದವೀಧರೆಯಾದ ನಾನು ಅದನ್ನು ಓದದೆ ಬಿಟ್ಟಿದ್ದೆ. ನನ್ನ ಆ ಅಂಜಿಕೆಗೆ ಎರಡು ತಿಂಗಳು ಕೆಮ್ಮಿದವಳು ಅವ್ವ.