ಬಾಡಿದ ಟೊಮೆಟೊ, ಬಾಡದ ಕೋಪ

ನನ್ನ ಆರು ಟೊಮೆಟೊ ಗಿಡಗಳು ಬಾಡಿದಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಮೂರು ಹೊತ್ತೂ ನೀರು ಕುಡಿದು, ಸಗಣಿ ಗೊಬ್ಬರ ತಿಂದು, ಇನ್ನೇನು ಕಾಯಿ ಕಚ್ಚಬೇಕು ಎನ್ನುವಾಗ ತಲೆ ಇಳಿಬಿಟ್ಟು ನಿಂತರೆ ಏನರ್ಥ? ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ.

ರಾಮನಗರದಲ್ಲಿ ಗಿಡ ಬಾಡಿದ್ದು ಗೇಟಿನಿಂದ ಕಂಡರೆ ಸಾಕು, ಹಾದುಹೋಗುವವರೆಲ್ಲ ವೈದ್ಯರು. ಹಾಲಿನವನು ಹುಳಿ ಮಜ್ಜಿಗೆ ಹಾಕಿ ಅಂದ. ಕನಕಪುರದ ನಾದಿನಿ ಫೋನಿನಲ್ಲೇ "ಕಣ್ಣು ಬಿದ್ದೈತೆ ಅತ್ತಿಗೆ" ಎಂದು ಹಳೇ ಚಪ್ಪಲಿ ಕಟ್ಟಿಸಿದಳು. ಔಷಧಿ ಅಂಗಡಿಯವನು ಗಿಡ ನೋಡದೆಯೇ ಬಾಟಲಿ ಕೊಟ್ಟ. ನಮ್ಮ ಯಜಮಾನರಂತೂ "ಮಾರ್ಕೆಟ್ಟಲ್ಲಿ ಸಿಗ್ತದಲ್ಲ" ಅಂದುಬಿಟ್ಟರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಆದರೂ ಸಿಟ್ಟಿಗೆ ಒಂದು ವಿಳಾಸ ಬೇಕಲ್ಲ! ಪಕ್ಕದ ಮನೆಯ ಅಮೀನಾಬಿ ಸಿಕ್ಕರು. ಅವರದು ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆ. ಆ ನೀರು ಹರಿಯುವ ಚರಂಡಿ ನನ್ನ ಕಾಂಪೌಂಡಿನ ಬುಡದಲ್ಲೇ ಹೋಗುತ್ತದೆ. ಇಪ್ಪತ್ತು ವರ್ಷದಿಂದ ಕರಿಬೇವು, ಬಿಸಿ ಚಪಾತಿ, ಎರಡೂ ಮನೆಯ ಮೊಮ್ಮಕ್ಕಳು ದಾಟಿ ಬಂದ ಗೋಡೆ ಅದು. ಅದರ ಮೇಲಿಂದಲೇ "ನಿಮ್ಮ ನೀರೇ ನನ್ನ ಗಿಡ ಕೊಂದದ್ದು!" ಎಂದು ಕೂಗಿದೆ.

ಅವರು ತಿರುಗಿ ಕೂಗಲಿಲ್ಲ. ಅದು ಇನ್ನೂ ಸಂಕಟ. ಗಾಜಿನ ಲೋಟದಲ್ಲಿ ನೀರು, ಒಂದು ಚಾಕು ಹಿಡಿದು ಬಂದರು.

"ಮಾಗಡಿ ತಾವ ನಮ್ಮಣ್ಣ ಟೊಮೆಟೊ ಹಾಕ್ತಾನೆ ಅಕ್ಕ. ಅವನು ಹಿಂಗೇ ನೋಡೋದು. ಎಳೆ ಬಂದ್ರೆ ರೋಗ ಐತೆ ಅಂತ."

ತೀರಾ ಬಾಡಿದ ಮೂಲೆಯ ಗಿಡವನ್ನು ಬುಡದಲ್ಲಿ ಕತ್ತರಿಸಿ, ಕಾಂಡದ ತುದಿಯನ್ನು ನೀರಿಗೆ ತಾಗಿಸಿ ಹಿಡಿದರು. ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಪಳಗಿದ ಕಣ್ಣು ಅವರದು. ನನಗಿಂತ ಮೊದಲೇ ಕಂಡುಕೊಂಡಿತು. ಕತ್ತರಿಸಿದ ಜಾಗದಿಂದ ಹಾಲಿನ ಬಣ್ಣದ ಎಳೆಯೊಂದು ಮೆಲ್ಲಗೆ ಕೆಳಗಿಳಿಯುತ್ತಿತ್ತು.

"ಇದು ಮಣ್ಣಿನ ರೋಗ, ಉಳಿಯಾಕಿಲ್ಲ. ಕಿತ್ತು ಸುಟ್ಬುಡಿ. ಆ ಜಾಗದಲ್ಲಿ ಬದನೆ, ಮೆಣಸಿನಕಾಯಿನೂ ಹಾಕ್ಬೇಡಿ." ಈ ಮೂರೂ ಒಂದೇ ವಂಶದವು, ಕಾಯಿಲೆಯನ್ನೂ ದಾಯಾದಿಗಳ ಹಾಗೆ ಪಾಲು ಕೇಳುತ್ತವೆ.

ಉಳಿದ ಐದು ಗಿಡಗಳ ಒಂದೊಂದು ಕೊಂಬೆಯನ್ನು ಬೇರೆ ಬೇರೆ ಲೋಟಕ್ಕೆ ಇಟ್ಟೆವು. ಎಳೆ ಬರಲಿಲ್ಲ. ಅಮೀನಾಬಿ ಬುಡಕ್ಕೆ ಬೆರಳು ಹಾಕಿದರು. ಬೆರಳಿಗೆ ಬಂದದ್ದು ಕೆಸರು.

"ಇವಕ್ಕೆ ನೀರೇ ಜಾಸ್ತಿ ಆಗ್ಬುಟ್ಟೈತೆ. ಮಧ್ಯಾಹ್ನದ ಬಿಸಿಲಿಗೆ ಎಲ್ಲಾ ಗಿಡನೂ ತಲೆ ಬಗ್ಗಿಸ್ತದೆ ಅಕ್ಕ, ಸಂಜೆಗೆ ಎದ್ದೇಳ್ತದೆ. ನೀವು ಅಷ್ಟರೊಳಗೆ ಬಿಂದಿಗೆ ತತ್ತೀರ."

ಅಂದರೆ ಬೇರು ಕೊಳೆಸುತ್ತಿದ್ದವಳು ನಾನೇ! ನಾಚಿಕೆಯಾಯಿತು. "ತಪ್ಪಾಯ್ತು ಅಮೀನಾಬಿ" ಎಂದೆ, ಸಿಡುಕಿನ ದನಿಯಲ್ಲೇ. ಬೇರೆ ದನಿ ಆಗ ಕೈಗೆ ಸಿಗಲಿಲ್ಲ.

ಅವರು ನಕ್ಕರು. ಗೇಟು ದಾಟುವಾಗ, "ಗಿಡಕ್ಕೂ ಕೋಪಕ್ಕೂ ಒಸಿ ನೀರು ಕಮ್ಮಿ ಮಾಡಿ ಅಕ್ಕ" ಅಂದರು.

ಮೂಲೆಯ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟೆ. ಉಳಿದವುಗಳ ಬುಡ ಸಡಿಲಿಸಿ, ನೀರು ಬಸಿಯಲು ಕಾಲುವೆ ತೆಗೆದೆ. ಈಗ ಮಣ್ಣು ಬೆರಳಿಗೆ ಒಣಗಿದಂತೆ ಕಂಡ ದಿನ ಮಾತ್ರ, ಅದೂ ಬೆಳಿಗ್ಗೆ, ನೀರು. ಐದೂ ನೆಟ್ಟಗೆ ನಿಂತಿವೆ, ಗೋಲಿಯಷ್ಟು ಕಾಯಿ ಕಚ್ಚಿವೆ. ನಿನ್ನೆ ಅಮೀನಾಬಿ ಗೋಡೆಯಾಚೆಯಿಂದ "ಕಮ್ಮಿ ಮಾಡಿದ್ರಾ ಅಕ್ಕ?" ಎಂದು ಕೇಳಿದರು.

ಗಿಡಕ್ಕೆ ಮಾಡಿದ್ದೇನೆ ಎಂದೆ.